ಎಲೆಯಡಿಯ ಲೆಕ್ಕ

ಕಳೆದ ಭಾನುವಾರ ಅಪ್ಪ ಫೋನಿನಲ್ಲಿ ಮಳೆ, ಅಡಿಕೆಯ ಕೊಳೆರೋಗ ಎಲ್ಲ ಹೇಳಿ ಮುಗಿಸಿ, "ನಿನ್ನೆ ತೋಟದ ಬಸಿಗಾಲುವೆಯಲ್ಲಿ ಒಂದು ಹಾವು ಸಿಕ್ಕಿತ್ತು, ಹೊಡೆದು ಹಾಕಿದ್ವಿ" ಅಂದರು. ಹೇಗಿತ್ತು ಎಂದು ಕೇಳಿದೆ. "ಒಂದು ಗೇಣು ಉದ್ದ. ಮೈತುಂಬ ಬಳೆಬಳೆ. ಲೋಳೆಲೋಳೆ. ಕಣ್ಣು ಇತ್ತೋ ಇಲ್ಲವೋ!"

ಪುಣೆಯ ಫ್ಲಾಟಿನ ಬಾಲ್ಕನಿಯಲ್ಲಿ ನಿಂತಿದ್ದ ನಾನು ಸುಮ್ಮನಾದೆ. ಅದು ಹಾವಲ್ಲ. ಶಿರಸಿಯ ಕಡೆ ತೋಟದಲ್ಲೇ ಬೆಳೆದ ನನಗೆ ಇದು ತಿಳಿಯಲು ಅಮೆರಿಕಕ್ಕೆ ಹೋಗಬೇಕಾಯಿತು.

ಎಂಟು ವರ್ಷದ ಹಿಂದೆ ಆನ್‌ಸೈಟ್ ಕೆಲಸಕ್ಕೆಂದು ಬಾಸ್ಟನ್ನಿನಲ್ಲಿದ್ದೆ. ಒಂದು ವಾರಾಂತ್ಯ ಸಹೋದ್ಯೋಗಿಯೊಬ್ಬರು ನ್ಯೂ ಹ್ಯಾಂಪ್‌ಶೈರಿನ ವೈಟ್ ಮೌಂಟನ್ಸ್ ಕಾಡಿಗೆ ಕರೆದೊಯ್ದರು. ದಾರಿಯಲ್ಲಿ ಕೊಳೆತ ಮರದ ತುಂಡೊಂದನ್ನು ಮೆಲ್ಲಗೆ ಎತ್ತಿ ತೋರಿಸಿದರು. ಕೆಳಗೆ ಬೆರಳುದ್ದದ ಜೀವ, ಬೆನ್ನ ಮೇಲೆ ಕೆಂಪು ಪಟ್ಟಿ. "ಹಲ್ಲಿಯಾ?" ಎಂದೆ. ಅಲ್ಲ, ಸಲಮಾಂಡರ್. ಕಪ್ಪೆಯ ಬಂಧು. ಈ ಜಾತಿಗೆ ಶ್ವಾಸಕೋಶವೇ ಇಲ್ಲ, ಒದ್ದೆ ಚರ್ಮ ಮತ್ತು ಬಾಯಿಯ ಒಳಪೊರೆಯಿಂದಲೇ ಉಸಿರಾಟ. ಚರ್ಮ ಒಣಗಿತೋ, ಉಸಿರು ನಿಂತಂತೆ. ಹಾಗಾಗಿ ಹಗಲೆಲ್ಲ ಎಲೆಯಡಿ, ಮರದಡಿ ಅಡಗಿರುತ್ತದೆ. ನಾವು ನೋಡುವುದೇ ಇಲ್ಲ.

ಅದೇ ಬೆಟ್ಟಗಳ ಹಬರ್ಡ್ ಬ್ರೂಕ್ ಕಾಡಿನಲ್ಲಿ ಬರ್ಟನ್ ಮತ್ತು ಲೈಕನ್ಸ್ ಎಂಬ ವಿಜ್ಞಾನಿಗಳು ಇವನ್ನು ಎಣಿಸಿ 1975ರಲ್ಲಿ ಲೆಕ್ಕ ಪ್ರಕಟಿಸಿದರು. ಹೆಕ್ಟೇರಿಗೆ ಸುಮಾರು 3000 ಸಲಮಾಂಡರ್! ಅವುಗಳ ಒಟ್ಟು ತೂಕ, ಮರಿ ಮಾಡುವ ಕಾಲದಲ್ಲಿ ಅಲ್ಲಿರುವ ಎಲ್ಲ ಹಕ್ಕಿಗಳ ಒಟ್ಟು ತೂಕದ ಸುಮಾರು ಎರಡು ಪಟ್ಟು. ಹಕ್ಕಿ ತಿಂದದ್ದರಲ್ಲಿ ಬಹುಪಾಲು ಮೈ ಬಿಸಿಯಾಗಿಡಲು ಖರ್ಚಾಗುತ್ತದೆ. ಸಲಮಾಂಡರಿಗೆ ಆ ಖರ್ಚಿಲ್ಲ, ತಿಂದದ್ದರಲ್ಲಿ ಹೆಚ್ಚು ಪಾಲು ಮೈಗೆ ಸೇರುತ್ತದೆ. ನುಸಿ, ಇರುವೆ, ಸಣ್ಣ ಹುಳಗಳನ್ನು ತಿಂದು, ತಾನು ಹಾವು, ಹಕ್ಕಿಗಳಿಗೆ ಊಟವಾಗುತ್ತದೆ. ಅಷ್ಟು ಸಣ್ಣ ಹುಳಗಳನ್ನು ಹೆಕ್ಕಿ ಬದುಕಲಾರದ ಪ್ರಾಣಿಗಳಿಗೆ ಆ ಸತ್ವ ತಲುಪುವುದು ಹೀಗೆ.

ತರಗೆಲೆಯನ್ನು ಚೂರು ಮಾಡುವ ಹುಳಗಳನ್ನು ಅದು ತಿನ್ನುವುದರಿಂದ ಎಲೆ ನಿಧಾನವಾಗಿ ಕರಗಿ, ಅದರ ಇಂಗಾಲ ಮಣ್ಣಿಗೆ ಸೇರುತ್ತದೆ ಎಂಬ ವಾದವೂ ಇದೆ. ಆದರೆ ಎಲ್ಲ ಕಾಡುಗಳ ಪ್ರಯೋಗಗಳೂ ಇದಕ್ಕೆ ಒಂದೇ ಉತ್ತರ ಕೊಟ್ಟಿಲ್ಲ.

ನಮ್ಮ ಪಶ್ಚಿಮ ಘಟ್ಟದಲ್ಲಿ ಸಲಮಾಂಡರ್ ಇಲ್ಲ. ಭಾರತದಲ್ಲಿ ಅದನ್ನು ನೋಡಬೇಕಾದರೆ ಡಾರ್ಜಿಲಿಂಗ್ ಕಡೆಯ ಹಿಮಾಲಯಕ್ಕೋ ಈಶಾನ್ಯದ ಬೆಟ್ಟಗಳಿಗೋ ಹೋಗಬೇಕು. ಆದರೆ ಅದರ ಕಾಲಿಲ್ಲದ ಬಂಧು ನಮ್ಮಲ್ಲಿದೆ: ಸಿಸಿಲಿಯನ್. ಒದ್ದೆ ಮಣ್ಣಿನೊಳಗೆ ಎರೆಹುಳ, ಗೆದ್ದಲು ತಿಂದು ಬದುಕುವ ಉಭಯಚರಿ. ಇದರ ಕೆಲವು ಜಾತಿಗಳಲ್ಲಿ ತಾಯಿ ಮೊಟ್ಟೆಗಳ ಸುತ್ತ ಸುರುಳಿ ಸುತ್ತಿ ಕಾವಲು ಕೂರುತ್ತದೆ. ಅಪ್ಪ ಹೇಳಿದ ಗುರುತೆಲ್ಲ ಇದರದ್ದೇ.

ಆರನೇ ಕ್ಲಾಸಿನಲ್ಲಿ ನಾನೂ ಒಂದನ್ನು ಗುದ್ದಲಿಯಿಂದ ಕೊಂದಿದ್ದೆ. ಮನೆಯವರೆಲ್ಲ ಶಹಭಾಸ್ ಅಂದಿದ್ದರು. ಅದರ ಪಕ್ಕ ಮಣ್ಣಿನಲ್ಲಿ ಬಿಳಿ ಮುತ್ತಿನಂಥ ಏನೋ ಗೊಂಚಲಾಗಿ ಬಿದ್ದದ್ದು ಈಗಲೂ ಕಣ್ಣ ಮುಂದಿದೆ. ಅದೇನಿರಬಹುದು ಎಂದು ಹೊಳೆದದ್ದು ಆ ಕಾಡಿನಲ್ಲಿ, ಮರದ ತುಂಡನ್ನು ಸಹೋದ್ಯೋಗಿ ಮತ್ತೆ ಇದ್ದ ಹಾಗೇ ಇಡುವಾಗ.

ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಎಂಟು ವರ್ಷ ಯಾಕೆ ಹೇಳಿರಲಿಲ್ಲವೋ! ಸ್ವಲ್ಪ ಹೊತ್ತು ಆ ಕಡೆ ಮಳೆಯ ಸದ್ದು ಮಾತ್ರ. ಆಮೇಲೆ, "ಕಂಡಾಗೆಲ್ಲ ಹೊಡೀತಾ ಬಂದ್ವಲ್ಲೋ. ನಾಳೆ ಕೆಲಸದವರಿಗೂ ಹೇಳ್ತೀನಿ ಬಿಡು" ಅಂದರು.

ಮಳೆಗಾಲದಲ್ಲಿ ಊರಿಗೆ ಹೋದರೆ ನೀವೂ ಮನೆಯವರಿಗೆ ಒಂದು ಮಾತು ಹೇಳಿ. ಕಾಡಿನಲ್ಲಿ ಕಲ್ಲನ್ನೋ ಮರದ ತುಂಡನ್ನೋ ಎತ್ತಿ ನೋಡಿದರೆ, ಮೊದಲಿದ್ದ ಹಾಗೇ ಇಟ್ಟು ಬನ್ನಿ.