ಕಾರನ್ನು ಮಾರುವ ಹಕ್ಕು ಯಾರದು?

ಓಮನ ನಿಯಮವನ್ನು ಬೋಧಿಸುವಾಗ ನಾವು ಒಂದು ಮಾತನ್ನು ತಪ್ಪದೆ ಹೇಳುತ್ತೇವೆ: ತಂತಿಯ ಉಷ್ಣತೆ ಬದಲಾಗದಿದ್ದರೆ ಮಾತ್ರ ಈ ನಿಯಮ ಸಲ್ಲುತ್ತದೆ. ನಿಬಂಧನೆಯನ್ನು ಮರೆತವನ ಲೆಕ್ಕ ತಪ್ಪುತ್ತದೆ. ಮನುಷ್ಯರು ಮಾಡಿದ ಕಾನೂನಿನ ವಿಷಯದಲ್ಲಿಯೂ ಈ ಎಚ್ಚರಿಕೆ ಅವಶ್ಯಕ. ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ವಿದ್ಯುತ್ ಕಾರುಗಳ ಮಾರಾಟದ ಬಗ್ಗೆ ಎದ್ದಿರುವ ವಿವಾದವೇ ಇದಕ್ಕೆ ನಿದರ್ಶನ.

ಆ ದೇಶದಲ್ಲಿ ಹೊಸ ಕಾರುಗಳು ಬಹುಕಾಲದಿಂದ ವಿತರಕರ ಮೂಲಕ ಮಾರಾಟವಾಗುತ್ತಿವೆ. ವಿತರಕನು ಸ್ವಂತ ಹಣ ಹಾಕಿ ಮಳಿಗೆಯನ್ನು ಕಟ್ಟುತ್ತಾನೆ. ದೊಡ್ಡ ತಯಾರಕರು ಬೇಡದ ಕಾರುಗಳನ್ನು ಅವನ ಮೇಲೆ ಹೇರುವುದೂ, ಒಪ್ಪದಿದ್ದರೆ ಒಪ್ಪಂದವನ್ನು ಮುರಿಯುವೆವೆಂದು ಬೆದರಿಸುವುದೂ ಹಿಂದೆ ನಡೆದಿತ್ತು. ಇದನ್ನು ತಡೆಯಲು ರಾಜ್ಯಗಳು ಕಾನೂನುಗಳನ್ನು ಮಾಡಿದವು. 1956ರಲ್ಲಿ ಕೇಂದ್ರದ ಶಾಸನವೂ ವಿತರಕರಿಗೆ ನ್ಯಾಯಾಲಯದ ಬಾಗಿಲನ್ನು ತೆರೆಯಿತು. ದುರ್ಬಲನ ರಕ್ಷಣೆಗಾಗಿ ಹುಟ್ಟಿದ ಈ ಕಾನೂನುಗಳನ್ನು ನಾವು ಹಳಿಯಲಾರೆವು. ಆದರೆ ಹಲವು ರಾಜ್ಯಗಳಲ್ಲಿ ಅವು, ತಯಾರಕನು ಗ್ರಾಹಕನಿಗೆ ನೇರವಾಗಿ ಮಾರಲೇಬಾರದೆಂಬ ನಿಷೇಧವಾಗಿ ಬೆಳೆದವು.

ಟೆಸ್ಲಾ ಸಂಸ್ಥೆಗಾದರೋ ವಿತರಕರೇ ಇಲ್ಲ. 2022ರಲ್ಲಿ ಅದು ಟೆಕ್ಸಾಸಿನ ಆಸ್ಟಿನ್ ನಗರದ ಬಳಿ ಭಾರಿ ಕಾರ್ಖಾನೆಯನ್ನು ತೆರೆಯಿತು. ಆದರೂ ಆ ರಾಜ್ಯದ ಕಾನೂನು ಅಲ್ಲಿಯ ಗ್ರಾಹಕರಿಗೆ ಅಲ್ಲಿಯೇ ನೇರವಾಗಿ ಮಾರಲು ಅದಕ್ಕೆ ಅವಕಾಶ ಕೊಡಲಿಲ್ಲ. ನ್ಯೂ ಮೆಕ್ಸಿಕೊದಲ್ಲಿಯೂ ಇಂಥದೇ ನಿಷೇಧವಿದ್ದುದರಿಂದ, ಸಂಸ್ಥೆಯು 2021ರಲ್ಲಿ ಆ ಕಾನೂನು ತಟ್ಟದ ನಂಬೆ ಎಂಬ ಮೂಲನಿವಾಸಿಗಳ ನೆಲದಲ್ಲಿ ಮಳಿಗೆಯನ್ನು ತೆರೆಯಬೇಕಾಯಿತು!

ವಿತರಕರ ಭಯಕ್ಕೆ ಭೌತಿಕ ಕಾರಣವೂ ಉಂಟು. ಪೆಟ್ರೋಲ್ ಎಂಜಿನ್ನಿನಲ್ಲಿ ಪಿಸ್ಟನ್, ಕವಾಟ ಮೊದಲಾದ ಚಲಿಸುವ ಭಾಗಗಳು ಬಹಳ. ವಿದ್ಯುತ್ ಮೋಟಾರಿನಲ್ಲಿ ತಿರುಗುವ ಮುಖ್ಯ ಭಾಗ ರೋಟರ್ ಒಂದೇ. ಎಂಜಿನ್ ಎಣ್ಣೆಯನ್ನು ಬದಲಿಸುವ ಕೆಲಸವೂ ಇಲ್ಲ. ದುರಸ್ತಿ ಕಡಮೆಯಾದರೆ ವಿತರಕನ ಆದಾಯವೂ ಕುಗ್ಗುತ್ತದೆ.

ಹತ್ತಿರದಲ್ಲಿ ವಿತರಕನಿಲ್ಲದಿದ್ದರೆ ಕೆಟ್ಟ ಕಾರನ್ನು ಸರಿಪಡಿಸುವವರು ಯಾರು ಎಂಬ ಪ್ರಶ್ನೆ ನ್ಯಾಯವಾದುದೇ. ಮಾರುವವನೇ ದುರಸ್ತಿಯ ಏರ್ಪಾಡನ್ನೂ ಮಾಡತಕ್ಕದ್ದೆಂದು ವಿಧಿಸಿದರೆ ಅದಕ್ಕೆ ಉತ್ತರ ದೊರೆಯುತ್ತದೆ, ಮಾರಾಟವನ್ನೇ ನಿಷೇಧಿಸಬೇಕಾಗಿಲ್ಲ.

ಮೆಸಾಚುಸೆಟ್ಸಿನ ಪರಮೋಚ್ಚ ನ್ಯಾಯಾಲಯವು 2014ರಲ್ಲಿ ಈ ತೊಡಕಿನ ಮೂಲವನ್ನೇ ಗುರುತಿಸಿತು. ಅಲ್ಲಿಯ ಕಾನೂನು ವಿತರಕನನ್ನು ಅವನದೇ ತಯಾರಕನಿಂದ ರಕ್ಷಿಸತಕ್ಕದ್ದೇ ಹೊರತು, ಅವನಿಗೆ ಸಂಬಂಧವಿಲ್ಲದ ತಯಾರಕನ ಪೈಪೋಟಿಯಿಂದಲ್ಲ ಎಂಬುದು ಅದರ ಅಭಿಪ್ರಾಯ. ನಮ್ಮ ಅಭಿಪ್ರಾಯವೂ ಅದೇ. ವಿತರಕರನ್ನು ನೇಮಿಸಿದ ತಯಾರಕನು ಅವರಿಗೆ ಕೊಟ್ಟ ಮಾತಿಗೆ ಬದ್ಧನಾಗಿರಲಿ. ವಿತರಕರನ್ನು ನೇಮಿಸದವನು ಯಾರಿಗೆ ದ್ರೋಹ ಮಾಡಿದಂತಾಯಿತು?

ಕಾನೂನನ್ನು ಓದುವ ವಿದ್ಯಾರ್ಥಿಯು, ಅದು ಯಾವ ಪರಿಸ್ಥಿತಿಯಲ್ಲಿ ಹುಟ್ಟಿತು, ಆ ಪರಿಸ್ಥಿತಿ ಇಂದಿಗೂ ಇದೆಯೇ ಎಂದು ಮೊದಲು ಕೇಳಲಿ. ಪ್ರಯೋಗಶಾಲೆಯಲ್ಲಿ ಕಲಿತ ಈ ಅಭ್ಯಾಸ ಹೊರಗಿನ ಲೋಕದಲ್ಲಿಯೂ ಉಪಯೋಗಕ್ಕೆ ಬರುತ್ತದೆ.