ಎಳೆ ಕಡಿದರೂ ನಿಲ್ಲದ ಮಗ್ಗ

ಬೆಂಗಳೂರಿನಿಂದ ಉತ್ತರಕ್ಕೆ ಸುಮಾರು 40 ಕಿಲೋಮೀಟರು ದೂರದ ದೊಡ್ಡಬಳ್ಳಾಪುರದಲ್ಲಿ ಕಾಲಿಟ್ಟವರ ಕಿವಿಗೆ ಮೊದಲು ಬೀಳುವುದು ವಿದ್ಯುತ್ ಮಗ್ಗಗಳ ಸದ್ದು. ಮನೆಯ ಮುಂದಿನ ಕೋಣೆಯಲ್ಲೋ ಹಿತ್ತಿಲ ಷೆಡ್ಡಿನಲ್ಲೋ ನಾಲ್ಕಾರು ಮಗ್ಗ ಹಾಕಿಕೊಂಡು ರೇಷ್ಮೆ ಸೀರೆ ನೇಯುವ ಕುಟುಂಬಗಳು ಇಲ್ಲಿ ಬಹಳ. ಆ ಮಗ್ಗದ ತಲೆಯ ಮೇಲೊಮ್ಮೆ ಕಣ್ಣು ಹಾಯಿಸಿದರೆ, ತೂತು ತೂತಾದ ರಟ್ಟಿನ ಪಟ್ಟಿಗಳನ್ನು ದಾರದಿಂದ ಪೋಣಿಸಿದ ಉದ್ದನೆಯ ಮಾಲೆಯೊಂದು ತಿರುಗುತ್ತಿರುತ್ತದೆ. ಅದೇ ಜಕಾರ್ಡ್. ಸೀರೆಯ ಅಂಚಿನಲ್ಲಿ ಅರಳುವ ಹೂವು, ಸೆರಗಿನಲ್ಲಿ ಗರಿಗೆದರುವ ನವಿಲು ಎಲ್ಲವೂ ಆ ತೂತುಗಳಲ್ಲಿ ಅಡಗಿರುತ್ತವೆ.

ಕೆಲಸದ ಕ್ರಮ ಸರಳ. ಒಂದು ರಟ್ಟು ಎಂದರೆ ಹೊಕ್ಕಿನ ಒಂದು ಎಳೆ. ರಟ್ಟಿನಲ್ಲಿ ತೂತಿದ್ದ ಕಡೆ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಕೆಳಗೇ ಉಳಿಯುತ್ತದೆ. ನಡುವಿನಿಂದ ಲಾಳಿ ಹಾದುಹೋಗುತ್ತದೆ. ಮುಂದಿನ ರಟ್ಟು, ಮುಂದಿನ ಎಳೆ. ಮಗ್ಗಕ್ಕೆ ಹೂವು ಯಾವುದು, ನವಿಲು ಯಾವುದು ಎಂಬ ಅರಿವಿಲ್ಲ. ತಪ್ಪು ಜಾಗದಲ್ಲಿ ತೂತು ಬಿದ್ದಿದ್ದರೆ ನವಿಲಿನ ಕೊರಳಲ್ಲಿ ಒಂದು ಚುಕ್ಕೆ. ಅದೇ ರಟ್ಟಿನ ಮಾಲೆ ಹಾಕಿದ ಪ್ರತಿಯೊಂದು ಸೀರೆಯಲ್ಲೂ ಅದೇ ಚುಕ್ಕೆ.

ಲಿಯೋನ್ ಪಟ್ಟಣದ ಜೋಸೆಫ್ ಮಾರಿ ಜಕಾರ್ಡ್ ಹಿಂದಿನವರ ಪ್ರಯತ್ನಗಳನ್ನೆಲ್ಲ ಸೇರಿಸಿ ಈ ಯಂತ್ರವನ್ನು ರೂಪಿಸಿದ್ದು 1804ರ ಸುಮಾರಿಗೆ. 1839ರಲ್ಲಿ ಅವನದೇ ಚಿತ್ರವನ್ನು ರೇಷ್ಮೆಯಲ್ಲಿ ನೇಯಲು 24,000 ರಟ್ಟುಗಳು ಬೇಕಾದವು. ಅಮೆರಿಕದ ಹರ್ಮನ್ ಹಾಲರಿತ್ ತೂತಿನ ಕಾರ್ಡುಗಳನ್ನು 1890ರ ಜನಗಣತಿಗೆ ಬಳಸಿದ. 1928ರಲ್ಲಿ ಐಬಿಎಂ ಕಂಪನಿಯ ಕಾರ್ಡಿನಲ್ಲಿ 80 ಸಾಲು ತೂತುಗಳಿದ್ದವು. ಕಂಪ್ಯೂಟರಿನ ಪರದೆಗಳು ಬಂದಾಗ ಅವುಗಳ ಅಗಲವೂ 80 ಅಕ್ಷರವೇ ಆಯಿತು. ಇಂದಿಗೂ ಲಿನಕ್ಸ್ ಕಂಪ್ಯೂಟರಿನಲ್ಲಿ ಆಜ್ಞೆ ಬರೆಯುವ ಕಪ್ಪು ಕಿಟಕಿಯನ್ನು ತೆರೆದರೆ ಅದು ಸಾಮಾನ್ಯವಾಗಿ 80 ಅಕ್ಷರದಗಲಕ್ಕೇ ತೆರೆದುಕೊಳ್ಳುತ್ತದೆ.

ಆ ಕಪ್ಪು ಕಿಟಕಿಯೊಳಗೆ ಕುಳಿತಿರುವುದೇ ಶೆಲ್. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತವರ ಗೆಳೆಯರು ಕಟ್ಟಲಾರಂಭಿಸಿದ ಯುನಿಕ್ಸ್ ಎಂಬ ವ್ಯವಸ್ಥೆಯಲ್ಲಿ ಯಂತ್ರವನ್ನು ಆಳುವ ತಿರುಳಿಗೆ ಕರ್ನೆಲ್ ಎಂದು ಹೆಸರು. ತೆಂಗಿನಕಾಯಿಗೆ ಕರಟ ಇದ್ದಂತೆ ಅದರ ಸುತ್ತ ಇರುವುದು ಶೆಲ್. ಮನುಷ್ಯ ಮಾತಾಡುವುದು ಕರಟದೊಂದಿಗೆ. ತಿರುಳಿಗೆ ವಿಷಯ ಮುಟ್ಟಿಸುವುದು ಅದರ ಕೆಲಸ. ಆಜ್ಞೆಗಳೋ, ಜಿಪುಣನ ತಂತಿ ಸಂದೇಶದ ಹಾಗೆ: ಪಟ್ಟಿ ತೋರಿಸಲು ‘ಎಲ್‌ಎಸ್’, ಫೋಲ್ಡರು ಬದಲಿಸಲು ‘ಸಿಡಿ’, ಅಳಿಸಲು ‘ಆರ್‌ಎಂ’. ಆಗಿನ ಟೆಲಿಟೈಪ್ ಯಂತ್ರಗಳ ಕೀಲಿಗಳನ್ನು ಒತ್ತುವುದೇ ಒಂದು ವ್ಯಾಯಾಮವಾಗಿತ್ತು. ಎರಡು ಅಕ್ಷರದಲ್ಲಿ ಮುಗಿಯುವುದನ್ನು ಹತ್ತು ಅಕ್ಷರ ಒತ್ತಿ ಹೇಳುವುದೇಕೆ?

1973ರಲ್ಲಿ ಡಗ್ ಮೆಕಿಲ್‌ರಾಯ್ ಅವರ ಒತ್ತಾಯದಿಂದ ಇದಕ್ಕೊಂದು ಹೊಸ ಸೌಕರ್ಯ ಸೇರಿತು: ಪೈಪ್, ಅಂದರೆ ಕೊಳವೆ. ರೇಷ್ಮೆ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗೂಡಿನಿಂದ ನೂಲು ತೆಗೆಯುವವರು ಒಬ್ಬರು, ಹುರಿ ಮಾಡುವವರು ಇನ್ನೊಬ್ಬರು, ಬಣ್ಣ ಹಾಕುವವರು ಮತ್ತೊಬ್ಬರು, ಕೊನೆಗೆ ನೇಯುವವರು. ಒಬ್ಬರ ಕೈಯಿಂದ ಹೊರಬಂದದ್ದು ಮುಂದಿನವರ ಕೈಗೆ. ಶೆಲ್ಲಿನಲ್ಲೂ ಹೀಗೆಯೇ. ಒಂದು ಆಜ್ಞೆ ಲೆಕ್ಕದ ಕಡತದಿಂದ ‘ಬಾಕಿ’ ಎಂಬ ಪದವಿರುವ ಸಾಲುಗಳನ್ನು ಹೆಕ್ಕುತ್ತದೆ, ಎರಡನೆಯದು ಅವನ್ನು ಅಕಾರಾದಿಯಲ್ಲಿ ಜೋಡಿಸುತ್ತದೆ, ಮೂರನೆಯದು ಎಣಿಸುತ್ತದೆ. ನಡುವೆ ಒಂದೊಂದು ನಿಂತ ಗೆರೆ ಹಾಕಿದರೆ ಆಯಿತು. ಯಾವ ಆಜ್ಞೆಗೂ ಇನ್ನೊಂದರ ಪರಿಚಯವಿಲ್ಲ.

ದಿನವೂ ಮಾಡುವ ಇಂಥ ಆಜ್ಞೆಗಳನ್ನು ಪ್ರತಿ ಸಲವೂ ಬೆರಳಚ್ಚಿಸುವ ಬದಲು ಒಂದು ಕಡತದಲ್ಲಿ ಬರೆದಿಟ್ಟರೆ ಅದೇ ಸ್ಕ್ರಿಪ್ಟ್. ಪೋಣಿಸಿಟ್ಟ ರಟ್ಟಿನ ಮಾಲೆಯೇ ಸರಿ. ಅದರ ಮೊದಲ ಸಾಲು #! ಎಂಬ ಎರಡು ಚಿಹ್ನೆಗಳಿಂದ ಶುರುವಾಗಿ, ಇದನ್ನು ಯಾವ ಶೆಲ್ ಓದಬೇಕೆಂಬುದನ್ನು ಹೇಳುತ್ತದೆ. ಇದು 1980ರಲ್ಲಿ ರಿಚಿ ಸೇರಿಸಿದ ಏರ್ಪಾಡು. ಬರೆದಿಟ್ಟರಷ್ಟೇ ಸಾಲದು, ‘ಇದನ್ನು ನಡೆಸಬಹುದು’ ಎಂಬ ಅನುಮತಿಯನ್ನೂ ಕಡತಕ್ಕೆ ಕೊಡಬೇಕು. ಆಮೇಲೂ ಹೊಸಬರನ್ನು ಸತಾಯಿಸುವ ತೊಡಕೊಂದಿದೆ: ಕಡತ ಕಣ್ಣೆದುರೇ ಇರುತ್ತದೆ, ಹೆಸರು ಒತ್ತಿದರೆ ‘ಅಂಥದ್ದು ಸಿಗಲಿಲ್ಲ’ ಎಂಬ ಉತ್ತರ ಬರುತ್ತದೆ. ಶೆಲ್ ಆಜ್ಞೆಗಳನ್ನು ಹುಡುಕುವುದು ನಿಗದಿಯಾದ ಕೆಲವು ಜಾಗಗಳಲ್ಲಿ ಮಾತ್ರ, ನಿಂತ ಜಾಗದಲ್ಲಿ ಅಲ್ಲ. ಹೆಸರಿನ ಹಿಂದೆ ಒಂದು ಚುಕ್ಕಿ, ಒಂದು ಓರೆಗೆರೆ ಹಾಕಿ ‘ಇಲ್ಲೇ ಇರುವುದನ್ನು’ ಎಂದು ಹೇಳಬೇಕು. ಇದು ಮೊಂಡುತನವಲ್ಲ. ಯಾರೋ ಕಿಡಿಗೇಡಿ ‘ಎಲ್‌ಎಸ್’ ಎಂಬ ಹೆಸರಿನ ವಿಷದ ಕಡತವೊಂದನ್ನು ಫೋಲ್ಡರಿನಲ್ಲಿ ಬಿಟ್ಟುಹೋಗಿದ್ದರೆ, ಪಟ್ಟಿ ಕೇಳಿದವನಿಗೆ ಅದೇ ಗಂಟುಬೀಳಬಾರದಲ್ಲ!

ಇಲ್ಲಿಯವರೆಗೆ ರಟ್ಟಿಗೂ ಸ್ಕ್ರಿಪ್ಟಿಗೂ ಹೋಲಿಕೆ ಚೆನ್ನಾಗಿ ಕೂರುತ್ತದೆ. ಕೂರದಿರುವ ಕಡೆಗಳೇ ಅಪಾಯದವು.

ಮಗ್ಗದಲ್ಲಿ ಹೊಕ್ಕಿನ ನೂಲು ಕಡಿಯಿತು ಎನ್ನಿ. ತಾನಾಗಿ ನಿಲ್ಲುವ ಸಲಕರಣೆ ಮಗ್ಗಕ್ಕಿದ್ದರೆ ಅದು ನಿಲ್ಲುತ್ತದೆ. ಇಲ್ಲದಿದ್ದರೆ ನೇಕಾರನೇ ಸದ್ದಿನ ವ್ಯತ್ಯಾಸಕ್ಕೆ ಕಿವಿ ನಿಮಿರಿಸಿ ಎದ್ದು ನಿಲ್ಲಿಸುತ್ತಾನೆ. ಶೆಲ್ ಸ್ಕ್ರಿಪ್ಟಿನಲ್ಲಿ ಒಂದು ಆಜ್ಞೆ ಸೋತರೆ? ಶೆಲ್ ಒಂದು ಸಾಲಿನ ದೂರು ಮುದ್ರಿಸಿ, ಏನೂ ಆಗಿಲ್ಲವೆಂಬಂತೆ ಮುಂದಿನ ಆಜ್ಞೆಗೆ ಹೋಗುತ್ತದೆ. ಬೇರೆ ಹೇಳದ ಹೊರತು ಅದರ ಸ್ವಭಾವವೇ ಅದು.

ಸೀರೆ ವ್ಯಾಪಾರದ ಅಂಗಡಿಯೊಂದನ್ನು ಕಲ್ಪಿಸಿಕೊಳ್ಳಿ. ಕಂಪ್ಯೂಟರಿನ ಮುಖ್ಯ ಫೋಲ್ಡರಿನಲ್ಲಿ ವಿನ್ಯಾಸಗಳ ಕಡತಗಳು, ಅದರೊಳಗೆ ‘ಹಳೇಬಿಲ್ಲು’ ಎಂಬ ಇನ್ನೊಂದು ಫೋಲ್ಡರು. ತಿಂಗಳಿಗೊಮ್ಮೆ ರಾತ್ರಿ ತಾನಾಗಿ ನಡೆಯುವ ಎರಡು ಸಾಲಿನ ಸ್ಕ್ರಿಪ್ಟು: ‘ಹಳೇಬಿಲ್ಲು ಫೋಲ್ಡರಿಗೆ ಹೋಗು. ಅಲ್ಲಿರುವ ಕಡತಗಳನ್ನೆಲ್ಲ ಅಳಿಸು.’ ಒಂದು ದಿನ ಲೆಕ್ಕ ಬರೆಯುವ ಹುಡುಗ ಫೋಲ್ಡರಿನ ಹೆಸರನ್ನು ‘ಹಿಂದಿನಬಿಲ್ಲು’ ಎಂದು ಬದಲಿಸುತ್ತಾನೆ. ಅಂದಿನ ರಾತ್ರಿ ಮೊದಲ ಸಾಲು ಸೋಲುತ್ತದೆ. ಶೆಲ್ ಮುಖ್ಯ ಫೋಲ್ಡರಿನಲ್ಲೇ ನಿಂತು ಎರಡನೆಯ ಸಾಲನ್ನು ಚಾಚೂ ತಪ್ಪದೆ ನಡೆಸುತ್ತದೆ. ಬೆಳಿಗ್ಗೆ ಬಿಲ್ಲುಗಳೆಲ್ಲ ಭದ್ರವಾಗಿರುತ್ತವೆ, ವಿನ್ಯಾಸ ಒಂದೂ ಇರುವುದಿಲ್ಲ. ‘ಆರ್‌ಎಂ’ ಅಳಿಸಿದ್ದು ಕಸದ ಬುಟ್ಟಿಗೆ ಹೋಗಿ ಕೂರುವುದಿಲ್ಲ, ಹೋದದ್ದು ಹೋದಂತೆಯೇ.

ಇದು ಬರೀ ಕಲ್ಪನೆಯ ಮಾತಲ್ಲ. 2015ರ ಜನವರಿಯಲ್ಲಿ, ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್ ತಂತ್ರಾಂಶದ ಲಿನಕ್ಸ್ ಆವೃತ್ತಿಯಲ್ಲಿ ಇದೇ ಆಯಿತು. ತಾನಿರುವ ಫೋಲ್ಡರು ಯಾವುದೆಂದು ಅದರ ಸ್ಕ್ರಿಪ್ಟು ಮೊದಲು ಹುಡುಕುತ್ತಿತ್ತು. ಒಬ್ಬ ಬಳಕೆದಾರ ಆ ಫೋಲ್ಡರನ್ನು ಬೇರೆಡೆಗೆ ಸಾಗಿಸಿದ್ದ. ಹುಡುಕಾಟ ಸೋತು, ಹೆಸರು ಇರಬೇಕಾದ ಜಾಗ ಖಾಲಿ ಉಳಿಯಿತು. ಮುಂದೆ ‘ಇಂಥ ಫೋಲ್ಡರಿನೊಳಗಿನದೆಲ್ಲವನ್ನೂ ಅಳಿಸು’ ಎಂಬ ಸಾಲಿತ್ತು. ಹೆಸರು ಬಿಟ್ಟುಹೋದ ಮೇಲೆ ಉಳಿದದ್ದು ಬರೀ ಒಂದು ಓರೆಗೆರೆ. ಯುನಿಕ್ಸ್ ಭಾಷೆಯಲ್ಲಿ ಅದರರ್ಥ ಇಡೀ ಯಂತ್ರ. ಅವನ ಕಡತಗಳ ಜೊತೆಗೆ, ಪ್ರತಿ ಇಟ್ಟುಕೊಂಡಿದ್ದ ಹೊರಗಿನ ಡಿಸ್ಕಿನಲ್ಲಿದ್ದದ್ದೂ ಹೋಯಿತು. ತಮಾಷೆಯೆಂದರೆ, ಬರೆದಾತ ಆ ಸಾಲಿನ ಮೇಲೆ ‘ಭಯ ಹುಟ್ಟಿಸುವಂಥದ್ದು’ ಎಂಬರ್ಥದ ಟಿಪ್ಪಣಿ ಹಾಕಿದ್ದ. ಶೆಲ್ ಟಿಪ್ಪಣಿಗಳನ್ನು ಓದುವುದಿಲ್ಲ.

ಖಾಲಿ ಜಾಗವೂ ಕಡಿಮೆ ಕಿಲಾಡಿಯಲ್ಲ. ಯುನಿಕ್ಸ್ ಕಡತಗಳಿಗೆ ಕನ್ನಡದಲ್ಲೇ ಹೆಸರಿಡಬಹುದು. ಅದನ್ನು ಸುಲಭ ಮಾಡಿಕೊಟ್ಟ ಯುಟಿಎಫ್-8 ಎಂಬ ಲಿಪಿ ಸಂಕೇತವನ್ನು 1992ರಲ್ಲಿ ರಾಬ್ ಪೈಕ್ ಜೊತೆಗೂಡಿ ರೂಪಿಸಿದ್ದೂ ಅದೇ ಕೆನ್ ಥಾಂಪ್ಸನ್. ಆದರೆ ‘ಹೂವಿನ ಅಂಚು’ ಎಂಬ ಕಡತವನ್ನು ಅಳಿಸಲು ಹೇಳುವಾಗ ಹೆಸರಿಗೆ ಉದ್ಧರಣ ಚಿಹ್ನೆ ಹಾಕದಿದ್ದರೆ, ಶೆಲ್ ಅದನ್ನು ‘ಹೂವಿನ’, ‘ಅಂಚು’ ಎಂದು ಎರಡು ಕಡತಗಳಾಗಿ ಓದುತ್ತದೆ. ‘ಅಂಚು’ ಎಂಬ ಬೇರೊಂದು ವಿನ್ಯಾಸ ಅಲ್ಲಿದ್ದರೆ ಅದರ ಕಥೆ ಮುಗಿದಂತೆ. 2011ರಲ್ಲಿ ಬಂಬಲ್‌ಬೀ ಎಂಬ ಲಿನಕ್ಸ್ ತಂತ್ರಾಂಶವನ್ನು ಸ್ಥಾಪಿಸುವ ಸ್ಕ್ರಿಪ್ಟಿನಲ್ಲಿ ಹೀಗೆಯೇ ಒಂದು ಖಾಲಿ ಜಾಗ ನುಸುಳಿತ್ತು. ಒಂದು ಚಿಕ್ಕ ಒಳಫೋಲ್ಡರನ್ನು ಅಳಿಸಬೇಕಿದ್ದ ಆಜ್ಞೆ, ವ್ಯವಸ್ಥೆಯ ಬಹುಪಾಲು ತಂತ್ರಾಂಶ ಇರುವ ‘ಯುಎಸ್‌ಆರ್’ ಫೋಲ್ಡರನ್ನೇ ಗುಡಿಸಿಹಾಕಿತು.

ಕರೆಂಟು ಹೋದಾಗಿನ ವ್ಯತ್ಯಾಸವನ್ನು ದೊಡ್ಡಬಳ್ಳಾಪುರದವರು ಯಾರಿಗಿಂತಲೂ ಬೇಗ ಗ್ರಹಿಸಿಯಾರು. ವಿದ್ಯುತ್ ನಿಂತರೆ ರಟ್ಟಿನ ಮಾಲೆ ಇದ್ದಲ್ಲೇ ನಿಲ್ಲುತ್ತದೆ. ಮರಳಿ ಬಂದಾಗ ನೇಕಾರ ಎಳೆ ನೋಡಿಕೊಂಡು ಅಲ್ಲಿಂದಲೇ ಮುಂದುವರಿಸುತ್ತಾನೆ. ಸ್ಕ್ರಿಪ್ಟಿಗೆ ತಾನೆಲ್ಲಿದ್ದೆ ಎಂಬ ನೆನಪಿಲ್ಲ, ಮತ್ತೆ ಮೊದಲ ಸಾಲಿನಿಂದಲೇ ಶುರು. ‘ಎಲ್ಲ ದರಕ್ಕೂ ನೂರಕ್ಕೆ ಐದು ಸೇರಿಸು’ ಎಂಬ ಕೆಲಸ ಅರ್ಧದಲ್ಲಿ ನಿಂತು ಮತ್ತೆ ನಡೆದರೆ ಅರ್ಧ ಸೀರೆಗಳಿಗೆ ಎರಡು ಸಲ ಬೆಲೆ ಏರಿರುತ್ತದೆ. ಬಲ್ಲವರು ಸ್ಕ್ರಿಪ್ಟನ್ನು ಎಷ್ಟು ಸಲ ನಡೆಸಿದರೂ ಫಲ ಒಂದೇ ಇರುವಂತೆ ಬರೆಯುತ್ತಾರೆ: ಹಳೆಯ ದರದ ಪಟ್ಟಿಯನ್ನು ಮುಟ್ಟದೆ, ಅದನ್ನು ನೋಡಿ ಹೊಸ ಪಟ್ಟಿಯೊಂದನ್ನು ಬೇರೆಯಾಗಿ ತಯಾರಿಸುವುದು ಒಂದು ದಾರಿ.

ಎಳೆ ಕಡಿದಾಗ ನಿಲ್ಲಿಸುವ ಸಲಕರಣೆ ಶೆಲ್ಲಿನಲ್ಲಿ ಇಲ್ಲದೇ ಇಲ್ಲ, ಕೇಳಿ ಹಾಕಿಸಿಕೊಳ್ಳಬೇಕು, ಅಷ್ಟೆ. ಪ್ರತಿ ಆಜ್ಞೆಯೂ ಮುಗಿದಾಗ ಒಂದು ಅಂಕಿ ಒಪ್ಪಿಸುತ್ತದೆ. ಸೊನ್ನೆ ಎಂದರೆ ಗೆಲುವು, ಉಳಿದದ್ದೆಲ್ಲ ಸೋಲು. (ಪರೀಕ್ಷೆಯಲ್ಲಿ ಸೊನ್ನೆ ತೆಗೆದ ಮಕ್ಕಳಿಗೆ ಸಮಾಧಾನ ಕೊಡುವ ಲೋಕ ಇದೊಂದೇ ಇರಬೇಕು. ಗೆಲ್ಲುವ ಬಗೆ ಒಂದೇ, ಸೋಲುವ ಬಗೆ ನೂರಾರು, ಅದಕ್ಕೇ ಈ ಲೆಕ್ಕ.) ಎರಡು ಆಜ್ಞೆಗಳ ನಡುವೆ && ಎಂದು ಬರೆದರೆ ಮೊದಲನೆಯದು ಗೆದ್ದರಷ್ಟೇ ಎರಡನೆಯದು ನಡೆಯುತ್ತದೆ. ಅಂಗಡಿಯ ವಿನ್ಯಾಸಗಳು ಉಳಿಯಲು ಅಷ್ಟು ಸಾಕಿತ್ತು. ‘ಸೆಟ್’ ಎಂಬ ಆಜ್ಞೆಗೆ ‘-ಯು’ ಸೇರಿಸಿ ಸ್ಕ್ರಿಪ್ಟಿನ ತಲೆಯಲ್ಲಿ ಬರೆದರೆ, ಎಲ್ಲೂ ಬೆಲೆಯನ್ನೇ ಕೊಡದ ಹೆಸರು ಎದುರಾದ ಕೂಡಲೇ ಶೆಲ್ ನಿಲ್ಲುತ್ತದೆ. ಸ್ಟೀಮ್‌ನಲ್ಲಿ ಆದಂತೆ ಬೆಲೆ ಕೊಟ್ಟೂ ಖಾಲಿ ಉಳಿದ ಹೆಸರನ್ನು ಮಾತ್ರ ಅದು ಹಿಡಿಯದು, ಅದಕ್ಕೆ ಬೇರೆಯದೇ ತಪಾಸಣೆ ಬರೆಯಬೇಕು. ಇವೆಲ್ಲಕ್ಕಿಂತ ಹಳೆಯ, ಸುಲಭದ ಉಪಾಯ ‘ಎಕೋ’. ಅಳಿಸುವ ಆಜ್ಞೆಯ ಮುಂದೆ ಆ ಪದ ಇಟ್ಟರೆ ಶೆಲ್ ಏನನ್ನೂ ಅಳಿಸದೆ, ಏನನ್ನು ಅಳಿಸಲಿತ್ತು ಎಂಬುದನ್ನು ಹೆಸರು ಹೆಸರಾಗಿ ಮುದ್ರಿಸಿ ತೋರಿಸುತ್ತದೆ. ಹೊಸ ವಿನ್ಯಾಸಕ್ಕೆ ಒಳ್ಳೆಯ ರೇಷ್ಮೆ ಹಾಳುಮಾಡುವ ಮೊದಲು ಗೇಣುದ್ದ ನೇಯ್ದು ನೋಡಿದಂತೆ.

ಈಗ ಜಕಾರ್ಡಿನಲ್ಲೂ ರಟ್ಟಿನ ಕಾಲ ಹಿಂದೆ ಸರಿಯುತ್ತಿದೆ. ಎಲೆಕ್ಟ್ರಾನಿಕ್ ಜಕಾರ್ಡಿನಲ್ಲಿ ಮಾಲೆಯೇ ಇಲ್ಲ; ಕಂಪ್ಯೂಟರಿನಲ್ಲಿ ಬಿಡಿಸಿದ ವಿನ್ಯಾಸ ಕಡತವಾಗಿ ಮಗ್ಗಕ್ಕೆ ಹೋಗುತ್ತದೆ. ರಟ್ಟನ್ನು ಇಲಿ ಕಡಿದರೆ ನಾಲ್ಕು ರಟ್ಟು ಹೊಸದಾಗಿ ತೂತು ಹಾಕಿಸಿದರೆ ಮುಗಿಯುತ್ತಿತ್ತು. ಕಡತಗಳಾದ ಮೇಲೆ ಒಂದು ಮನೆಯ ಇಪ್ಪತ್ತು ವರ್ಷದ ವಿನ್ಯಾಸಗಳು ಒಂದೇ ಸಾಲಿನ ಆಜ್ಞೆಗೆ ಸಿಗುತ್ತವೆ. ಅವುಗಳ ಇನ್ನೊಂದು ಪ್ರತಿ ಬೇರೊಂದು ಮನೆಯಲ್ಲಿರುವುದು ಎಷ್ಟು ಮುಖ್ಯ ಎಂಬುದಕ್ಕೆ ಪಿಕ್ಸಾರ್ ಸ್ಟುಡಿಯೋದವರ ಅನುಭವ ಸಾಕು. 1998ರಲ್ಲಿ ಅಲ್ಲಿ ಯಾರೋ ತಪ್ಪು ಜಾಗದಲ್ಲಿ ‘ಆರ್‌ಎಂ’ ಒತ್ತಿ, ತಯಾರಾಗುತ್ತಿದ್ದ ‘ಟಾಯ್ ಸ್ಟೋರಿ 2’ ಚಿತ್ರದ ನೂರಕ್ಕೆ ತೊಂಬತ್ತರಷ್ಟು ಅಳಿಸಿಹೋಯಿತು. ಕಚೇರಿಯ ಪ್ರತಿಗಳೂ ಕೈಕೊಟ್ಟಿದ್ದವು. ಎಳೆ ಮಗುವಿದ್ದ ಕಾರಣ ಮನೆಯಿಂದಲೇ ಕೆಲಸ ಮಾಡುತ್ತಿದ್ದ ತಂತ್ರಜ್ಞೆ ಗ್ಯಾಲಿನ್ ಸಸ್ಮನ್ ಅವರ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಉಳಿದಿತ್ತು. ಆ ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ, ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟು ಬಿಗಿದು ಕೂರಿಸಿ, ನಿಧಾನವಾಗಿ ಸ್ಟುಡಿಯೋಗೆ ಕರೆತಂದರು.