ಕಾಣದ ನೆಲವನ್ನು ಬಲ್ಲವರು

ಮನೆ ಕಟ್ಟಿಸುವಾಗ ನಾವು ಬಾಗಿಲಿನ ಕೆತ್ತನೆಯನ್ನು ನೋಡುತ್ತೇವೆ, ಗೋಡೆಯ ಬಣ್ಣವನ್ನು ಆರಿಸುತ್ತೇವೆ; ಗೃಹಪ್ರವೇಶಕ್ಕೆ ಬಂದವರೂ ಅವನ್ನೇ ಹೊಗಳುತ್ತಾರೆ. ತಳಪಾಯದ ನೆನಪಾಗುವುದು ಗೋಡೆ ಬಿರುಕು ಬಿಟ್ಟ ದಿನ ಮಾತ್ರ. ಮಣ್ಣು, ಬಂಡೆ, ಅವುಗಳೊಳಗಿನ ನೀರು ಇವುಗಳ ಗುಣವನ್ನು ಪರೀಕ್ಷಿಸಿ, ನೆಲ ಎಷ್ಟು ಭಾರ ಹೊರಬಲ್ಲದು, ಎಲ್ಲಿ ಜಾರಬಹುದು ಎಂಬುದನ್ನು ತಿಳಿಸುವ ಶಾಸ್ತ್ರವೊಂದುಂಟು. ಅದಕ್ಕೆ ಜಿಯೋಟೆಕ್ನಿಕಲ್ ಎಂಜಿನಿಯರಿಂಗ್ ಎಂದು ಹೆಸರು.

ಈ ಶಾಸ್ತ್ರದಲ್ಲಿ ನುರಿತವರಾದ ಡಾ. ಜಿ. ಮಾಧವಿ ಲತಾ ಅವರ ವೃತ್ತಿಜೀವನವನ್ನು ಈ ತಿಂಗಳು ಓದುಗರ ಮುಂದಿಡಬಯಸುತ್ತೇವೆ. ಆಂಧ್ರಪ್ರದೇಶದ ಹಳ್ಳಿಯೊಂದರಿಂದ ಬಂದ ಅವರು 1992ರಲ್ಲಿ ಕಾಕಿನಾಡದಲ್ಲಿ ಸಿವಿಲ್ ಎಂಜಿನಿಯರಿಂಗ್ ಪದವಿ ಪಡೆದರು. ಅನಂತರ ವಾರಂಗಲ್‌ನಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡಿ, 2000ದಲ್ಲಿ ಮದರಾಸಿನ ಐ.ಐ.ಟಿ.ಯಿಂದ ಡಾಕ್ಟರೇಟ್ ಗಳಿಸಿದರು. ಬಳಿಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿ, ಎರಡು ದಶಕಗಳಿಗೂ ಮಿಕ್ಕಿ ಅಲ್ಲಿ ಪಾಠ ಹೇಳುತ್ತ, ಸಂಶೋಧನೆ ನಡೆಸುತ್ತ ಬಂದಿದ್ದಾರೆ.

ಅವರ ವಿದ್ಯೆ ಒರೆಗಲ್ಲಿಗೆ ಹತ್ತಿದ್ದು ಜಮ್ಮು ಮತ್ತು ಕಾಶ್ಮೀರದ ಚಿನಾಬ್ ನದಿಯ ಕಣಿವೆಯಲ್ಲಿ. ನದಿಯಿಂದ 359 ಮೀಟರ್ ಎತ್ತರದಲ್ಲಿ, 1315 ಮೀಟರ್ ಉದ್ದದ ರೈಲು ಸೇತುವೆ. ಅದರ ಕಮಾನು ಊರಬೇಕಾದದ್ದು ಕಡಿದಾದ ಇಳಿಜಾರುಗಳ ಮೇಲೆ. ಮೇಲಾಗಿ ಅದು ಭೂಕಂಪದ ಸೀಮೆ. ಅಗೆಯುತ್ತ ಹೋದಂತೆ ಮೊದಲ ಪರೀಕ್ಷೆಗಳಲ್ಲಿ ಕಾಣದಿದ್ದ ಬಿರುಕುಗಳೂ ಪೊಳ್ಳುಗಳೂ ಬಂಡೆಯೊಳಗಿಂದ ತೋರಿಬಂದವು. ಆದುದರಿಂದ ಒಮ್ಮೆ ಬರೆದ ನಕ್ಷೆಯನ್ನೇ ಹಿಡಿದು ಕೂಡುವಂತಿರಲಿಲ್ಲ. ನೆಲ ತೋರಿದ ನಿಜಕ್ಕೆ ತಕ್ಕಂತೆ ಲೆಕ್ಕವನ್ನು ತಿದ್ದುತ್ತಲೇ ಸಾಗಬೇಕಾಯಿತು. ಬಂಡೆಯಲ್ಲಿ ಆಳವಾಗಿ ರಂಧ್ರ ಕೊರೆದು, ಉಕ್ಕಿನ ಸರಳುಗಳನ್ನಿಳಿಸಿ, ಸಿಮೆಂಟಿನ ಗಾರೆ ತುಂಬಿ ಇಳಿಜಾರನ್ನು ಬಿಗಿಗೊಳಿಸಲಾಯಿತು. ಈ ಕಾರ್ಯದಲ್ಲಿ ಅವರು ಸಲಹೆಗಾರರಾಗಿ ದುಡಿದದ್ದು ಹದಿನೇಳು ವರ್ಷ.

2025ರ ಜೂನ್ 6ರಂದು ಸೇತುವೆ ಉದ್ಘಾಟನೆಯಾದಾಗ ಪತ್ರಿಕೆಗಳು ಎಲ್ಲ ಕೀರ್ತಿಯನ್ನೂ ಅವರೊಬ್ಬರ ತಲೆಗೇ ಕಟ್ಟಿದವು. ಆಗ ಅವರೇ ಮುಂದೆ ಬಂದು, ಇಳಿಜಾರನ್ನು ಭದ್ರಪಡಿಸುವ ಯೋಜನೆ ಮತ್ತು ತಳಪಾಯದ ವಿನ್ಯಾಸದಲ್ಲಿ ನೆರವಾದುದಷ್ಟೇ ತಮ್ಮ ಪಾಲೆಂದೂ, ಮೆಚ್ಚುಗೆಗೆ ಅರ್ಹರಾದ ಸಾವಿರಾರು ಜನರಲ್ಲಿ ತಾವೊಬ್ಬರೆಂದೂ, ತಮ್ಮನ್ನು ವೃಥಾ ಪ್ರಸಿದ್ಧಿಗೆ ತರಬಾರದೆಂದೂ ಬಿನ್ನವಿಸಿಕೊಂಡರು. ಹದಿನೇಳು ವರ್ಷ ದುಡಿದವರು ಬಂದ ಹೊಗಳಿಕೆಯನ್ನು ಹೀಗೆ ಹಂಚಿಕೊಟ್ಟದ್ದು ಸಣ್ಣ ಮಾತಲ್ಲ.

ತಮ್ಮ ಹೆಣ್ಣುಮಕ್ಕಳೂ ಇವರಂತಾಗಲಿ ಎಂದು ಅನೇಕ ತಂದೆಯರು ಅವರಿಗೆ ಬರೆದರಂತೆ. ನಮ್ಮ ಮನೆಗಳಲ್ಲಿಯೂ ಆ ಹಂಬಲ ಮೂಡಲಿ. ಆದರೆ ಮಕ್ಕಳಿಗೆ ಸೇತುವೆಯ ಎತ್ತರವನ್ನಷ್ಟೇ ತೋರಿಸಿದರೆ ಸಾಲದು. ತಪ್ಪಿದ ಲೆಕ್ಕವನ್ನು ನಾಚದೆ ತಿದ್ದಿಕೊಳ್ಳುವುದನ್ನೂ, ತನ್ನ ಪಾಲಿನ ಕೆಲಸ ಇಷ್ಟೇ ಎಂದು ನಿಜ ನುಡಿಯುವುದನ್ನೂ ಕಲಿಸಬೇಕು. ಬಾಳಿನ ತಳಪಾಯವೂ ಕಣ್ಣಿಗೆ ಕಾಣುವುದಿಲ್ಲ. ಭಾರ ಬಿದ್ದಾಗಲೇ ಅದರ ಗಟ್ಟಿತನ ತಿಳಿಯುವುದು.